ಎಪ್ಪತ್ತೆಂಟು ಕೆಜಿಯ ಹಟ

ಡಿಸೆಂಬರ್ ೨೩, ಮಧ್ಯಾಹ್ನ

ಮುದ್ದಿನ ಗುಬ್ಬಿಗೆ,

ಇತ್ತ ನಾನು ಕ್ಷೇಮ, ಎಡ ಮಂಡಿಯೊಂದನ್ನು ಬಿಟ್ಟು. ಅತ್ತ ನೀವೆಲ್ಲ ಕ್ಷೇಮವೆಂದು ಗೊತ್ತೇ ಇದೆ. ಮೊನ್ನೆ ಫೋನಿನಲ್ಲಿ ನನ್ನ ಮೇಲೆ ಅಷ್ಟು ಹೊತ್ತು ರೇಗಾಡುವ ಶಕ್ತಿ ನಿನ್ನಲ್ಲಿತ್ತಲ್ಲ! ಫೋನಿನಲ್ಲಿ ನಿನ್ನನ್ನು ಗೆಲ್ಲಲು ನನ್ನಿಂದಾಗದು. ನಾನು ಒಂದು ಹೇಳುವಷ್ಟರಲ್ಲಿ ನೀನು ಹತ್ತು ಹೇಳಿರುತ್ತೀಯ. ಕೊನೆಗೆ ಮೂಗೆಳೆಯುವ ಸದ್ದು ಕೇಳಿಸುತ್ತೀಯ, ನಾನು ಕರಗಿ ಹೂಂ ಎಂದುಬಿಡುತ್ತೇನೆ. ಅದಕ್ಕೇ ಈ ಕಾಗದ. ಇದರ ನಡುವೆ ನೀನು ಬಾಯಿ ಹಾಕಲು ಬರುವುದಿಲ್ಲ.

ಮೊದಲಿಗೇ ಹೇಳಿಬಿಡುತ್ತೇನೆ. ಈ ರಜೆಗೆ ನಾನು ನಿನ್ನ ಮನೆಗೆ ಬರುವುದಿಲ್ಲ. ಅಳಿಯಂದಿರು ಕಾರು ತಂದು ಬಾಗಿಲಿಗೆ ನಿಲ್ಲಿಸಿದರೂ ಬರುವುದಿಲ್ಲ. ಮಗುವಿನ ಕೈಗೆ ಫೋನ್ ಕೊಟ್ಟು ಅಜ್ಜೀ ಎಂದು ಕರೆಸಿದರೂ ಬರುವುದಿಲ್ಲ. ಆ ಉಪಾಯವನ್ನು ನೀನು ಕಲಿತದ್ದೇ ನನ್ನಿಂದ.

ಹತ್ತು ದಿನ ತಾನೇ ಅಮ್ಮ, ಎಲ್ಲರ ಜೊತೆ ಕೂತು ತಿನ್ನು, ರಜೆ ಮುಗಿದ್ಮೇಲೆ ಮತ್ತೆ ಶುರು ಮಾಡ್ಕೊ ಅಂದೆ. ಎಷ್ಟು ಸಲೀಸಾಗಿ ಅಂದೆ ಮಾರಾಯ್ತಿ! ಜೂನ್ ತಿಂಗಳಲ್ಲಿ ಮೂಳೆ ಡಾಕ್ಟರು ನನ್ನನ್ನು ತೂಕದ ಯಂತ್ರ ಹತ್ತಿಸಿದಾಗ ಅದು ಎಂಬತ್ತೊಂಬತ್ತು ತೋರಿಸಿತ್ತು. ಎಪ್ಪತ್ತೆಂಟಕ್ಕೆ ಇಳಿದು ಬನ್ನಿ, ಆಮೇಲೆ ಮಂಡಿ ಬದಲಾಯಿಸೋ ಮಾತು ಅಂದರು. ಇಳಿಯದಿದ್ದರೆ ನನ್ನ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ, ಮತ್ತೆ ಸರದಿ ಬರಲು ಒಂದು ವರ್ಷ. ನಮ್ಮ ಬೇಕರಿಯ ಯಜಮಾನರೂ ಮೆತ್ತಗೆ ಹೇಳಿಯಾಗಿದೆ, ಇನ್ನೊಂದು ವರ್ಷ ಹೀಗೇ ಕುಂಟೋದಾದ್ರೆ ಕ್ರೀಮ್ ಕೆಲಸ ಬಿಡಿ ಕ್ರೀಮಮ್ಮ, ಸ್ಟೂಲ್ ಮೇಲೆ ಕೂತ್ಕೊಂಡು ಲೇಬಲ್ ಅಂಟಿಸಿ ಅಂತ. ಇಪ್ಪತ್ತೆರಡು ವರ್ಷ ಕೇಕಿನ ಮೇಲೆ ಹೂವು ಅರಳಿಸಿದ ಕೈಗೆ ಲೇಬಲ್ಲು! ನಾನು ಆ ಸ್ಟೂಲಿನ ಮೇಲೆ ಕೂರುವವಳಲ್ಲ. ಜನವರಿ ಎಂಟಕ್ಕೆ ಮತ್ತೆ ತೂಕ ನೋಡುತ್ತಾರೆ ಎಂದು ನಿನಗೆ ಹೇಳಿದ್ದೆ. ಅದರ ಹಿಂದಿನ ಹತ್ತು ದಿನವನ್ನೇ ನೀನು ನನ್ನಿಂದ ಕೇಳುತ್ತಿರುವುದು.

ಇಷ್ಟು ತೂಕ ಹೇಗೆ ಇಳಿಸಿದೆ ಎಂದು ನೀನು ಒಂದು ಸಲವೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಓವನ್‌ನಿಂದ ಬಂದ ಕೇಕಿನ ತಲೆ ಉಬ್ಬಿರುತ್ತದೆ, ನೀನು ಚಿಕ್ಕಂದಿನಲ್ಲಿ ನೋಡಿದ್ದೀಯಲ್ಲ. ಆ ಉಬ್ಬನ್ನು ಉದ್ದ ಚಾಕುವಿನಿಂದ ಸಮನಾಗಿ ಕೊಯ್ದರೆ ಮಾತ್ರ ಮೇಲೆ ಕ್ರೀಮ್ ನಿಲ್ಲುವುದು. ಕೊಯ್ದ ತುಣುಕುಗಳು ನನ್ನ ಬಲಗೈ ಪಕ್ಕದ ತಟ್ಟೆಯಲ್ಲಿ ಬೀಳುತ್ತವೆ. ಕೈ ಅದರ ಪಾಡಿಗೆ ಅದು ಹೋಗುತ್ತದೆ, ಬಾಯಿ ಅದರ ಪಾಡಿಗೆ ಅದು ಅಗಿಯುತ್ತದೆ, ನನಗೆ ಗೊತ್ತೇ ಆಗುವುದಿಲ್ಲ. ಜೂನ್‌ನಲ್ಲಿ ಡಬ್ಬಿಯಕ್ಕ ಒಂದು ಕೆಲಸ ಮಾಡಿದಳು. ಅವಳು ನಮ್ಮಲ್ಲಿ ಕೇಕುಗಳನ್ನು ಡಬ್ಬಿಗೆ ತುಂಬಿ ಟೇಪು ಸುತ್ತುವವಳು, ಬಾಯಿ ಸ್ವಲ್ಪ ಖಾರ. ನನ್ನ ಪಕ್ಕಕ್ಕೆ ಒಂದು ಖಾಲಿ ರಟ್ಟಿನ ಡಬ್ಬಿ ಇಟ್ಟು, ಬಾಯಿಗೆ ಹೋಗೋದೆಲ್ಲ ಇದಕ್ಕೆ ಹಾಕು, ಸಂಜೆ ನೋಡೋಣ ಅಂದಳು. ಸಂಜೆ ಅದನ್ನು ತಕ್ಕಡಿಗೆ ಇಟ್ಟರೆ ಆರುನೂರ ನಲವತ್ತು ಗ್ರಾಂ. ನಾನು ಕಣ್ಣುಬಾಯಿ ಬಿಟ್ಟೆ. ಮಧ್ಯಾಹ್ನ ಡಬ್ಬದಲ್ಲಿ ತಂದ ಊಟವನ್ನು ಅರ್ಧ ಉಳಿಸಿ, ನಾನೇನು ತಿಂತೀನಿ, ಗಾಳಿ ಕುಡಿದರೂ ಮೈ ಬರುತ್ತೆ ಎಂದು ನಿನ್ನ ಹತ್ತಿರ ಗೋಳಾಡುತ್ತಿದ್ದವಳು ನಾನೇ ಅಲ್ಲವೇ?

ಅವತ್ತಿನಿಂದ ದಿನವೂ ಡಬ್ಬಿ ತುಂಬುತ್ತದೆ, ಡಬ್ಬಿಯಕ್ಕ ಟೇಪು ಸುತ್ತುತ್ತಾಳೆ, ಸಂಜೆ ಓವನ್ ಮನೆಯವರು ಹಂಚಿಕೊಂಡು ತಿನ್ನುತ್ತಾರೆ. ಕ್ರೀಮಿನ ರುಚಿ ನೋಡುವುದನ್ನು ಬಿಡಲು ಬರುವುದಿಲ್ಲ, ಅದು ನನ್ನ ಕೆಲಸ. ನಾಲಿಗೆಯ ತುದಿಗೆ ತಾಗಿಸಿ, ಸಿಂಕಿಗೆ ಉಗಿದು, ಬಾಯಿ ಮುಕ್ಕಳಿಸುತ್ತೇನೆ. ಹೊಸದಾಗಿ ಬಂದವರು ಕ್ರೀಮ್ ಕೆಟ್ಟಿದೆ ಅಂದುಕೊಂಡು ಗಾಬರಿಯಾದರು. ಡಿಸೆಂಬರಿನಲ್ಲಂತೂ ದಿನಕ್ಕೆ ತೊಂಬತ್ತು ಕೇಕು. ಇಡೀ ಊರು ತಿನ್ನುವುದನ್ನು ಕೈಯಾರೆ ಮಾಡಿ, ಒಂದು ಚೂರೂ ತಿನ್ನದೆ ಮನೆಗೆ ನಡೆದಿದ್ದೇನೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಕಾಗಿಯೂ ಇರಲಿಲ್ಲ.

ನೀನು ಕಳಿಸಿದ ಬಿಸ್ಕತ್ತಿನ ಡಬ್ಬ ತಲುಪಿತು. ಸುಳ್ಳು ಹೇಳುವುದಿಲ್ಲ, ನಾಲ್ಕು ತಿಂದೆ. ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದೆ, ಯಾರೋ ಕಿತ್ತುಕೊಳ್ಳುತ್ತಾರೆ ಎಂಬ ಹಾಗೆ. ಬೆಣ್ಣೆ ಒಂದು ತೂಕ ಹೆಚ್ಚಾಗಿದೆ, ಆದರೂ ಚೆನ್ನಾಗಿತ್ತು. ಹಿಂದೆಲ್ಲ ನಾಲ್ಕು ಒಳಗೆ ಹೋದರೆ, ಇವತ್ತು ಹೇಗೂ ಕೆಟ್ಟಿತು ಎಂದು ಡಬ್ಬವನ್ನೇ ಬರಿದು ಮಾಡುತ್ತಿದ್ದೆ. ಈ ಸಲ ಮುಚ್ಚಳ ಹಾಕಿ, ಬಾಯಿ ತೊಳೆದು, ಡಬ್ಬವನ್ನು ಡಬ್ಬಿಯಕ್ಕನ ಮನೆಗೆ ಕೊಟ್ಟು ಬಂದೆ. ಮರುದಿನ ಬೆಳಗ್ಗೆ ಎಂದಿನಂತೆ ಎದ್ದೆ, ಎಂದಿನಂತೆ ಅಳೆದು ತಿಂದೆ. ಆರು ತಿಂಗಳಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಇದೊಂದೇ, ನಾಲ್ಕು ಬಿಸ್ಕತ್ತು ಅಂದರೆ ನಾಲ್ಕೇ ಬಿಸ್ಕತ್ತು.

ಇನ್ನು ಕುರ್ಚಿಯ ವಿಷಯ. ಇದನ್ನು ಬರೆಯಬಾರದು ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ.

ಹೋದ ವರ್ಷ ಇದೇ ರಜೆಯಲ್ಲಿ ನಿನ್ನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ, ಮೇಜಿನ ಸುತ್ತ ಬಿಳಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅಳಿಯಂದಿರು ಬಾಲ್ಕನಿಗೆ ಹೋಗಿ, ಬಟ್ಟೆ ಒಣಹಾಕುವಾಗ ನೀನು ಹತ್ತುವ ಆ ಕಬ್ಬಿಣದ ಕುರ್ಚಿಯನ್ನು ಎತ್ತಿ ತಂದರು. ಅತ್ತೆಗೆ ಇದೇ ಸರಿ, ಇದು ಜಗ್ಗಲ್ಲ ಅಂದರು. ಎಲ್ಲರೂ ನಕ್ಕರು. ನೀನೂ ನಕ್ಕೆ ಗುಬ್ಬಿ, ನಗುತ್ತಲೇ ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದೆ. ನಾನೂ ನಕ್ಕೆ. ನನ್ನ ನಗುವೇ ಎಲ್ಲರದಕ್ಕಿಂತ ಜೋರಾಗಿತ್ತು. ಆ ತುಂಡನ್ನೂ ತಿಂದೆ.

ಹೊರಡುವಾಗ ಬಾಗಿಲಲ್ಲೇ ಬೀಳ್ಕೊಟ್ಟೆ ನೀನು, ಮಗುವಿಗೆ ನಿದ್ದೆ ಬಂದಿತ್ತು. ನಿನ್ನ ಮನೆಯ ಐವತ್ತನಾಲ್ಕು ಮೆಟ್ಟಿಲುಗಳನ್ನು ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಿಮ್ಮುಖವಾಗಿ ಇಳಿದೆ, ಚಿಕ್ಕ ಮಕ್ಕಳು ಮಂಚದಿಂದ ಇಳಿಯುವ ಹಾಗೆ. ಕೆಳಗಿನ ಮನೆಯ ಹೆಂಗಸೊಬ್ಬಳು ನೋಡಿದಳು. ಏನೋ ಬೀಳಿಸಿಕೊಂಡೆ, ಹುಡುಕ್ತಿದೀನಿ ಅಂದೆ. ಅವಮಾನವಾಯಿತು ಮಗಳೇ. ಮೈ ದಪ್ಪ ಇದ್ದುದಕ್ಕಲ್ಲ, ನನ್ನ ದಪ್ಪ ಮೈ ನಿನ್ನನ್ನು ಎತ್ತಿ ಸಾಕಿದೆ, ಅದರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ನಾನು ಇಳಿಯಲಾಗದ ಮನೆ ನನ್ನ ಮಗಳದೇ ಆಗಿದೆಯಲ್ಲ, ಅದಕ್ಕೆ.

ನಿನ್ನ ಮೇಲೆ ಸಿಟ್ಟಿಲ್ಲ. ಇತ್ತು, ಈಗಿಲ್ಲ. ಯಾಕೆಂದರೆ ಇದನ್ನೂ ಕಲಿಸಿದವಳು ನಾನೇ. ನಿನ್ನಪ್ಪ ಹೋದ ಮೇಲೆ ದಿನವಿಡೀ ನಿಂತು ಮನೆಗೆ ಬರುತ್ತಿದ್ದ ನನಗೆ ನಿನ್ನ ಜೊತೆ ಕೂತು ನಾಲ್ಕು ಮಾತಾಡಲು ತ್ರಾಣವಿರುತ್ತಿರಲಿಲ್ಲ. ಕೇಕಿನ ತುಣುಕುಗಳ ಪೊಟ್ಟಣ ನಿನ್ನ ಕೈಗಿಟ್ಟು ಮಲಗಿಬಿಡುತ್ತಿದ್ದೆ. ನೀನು ಅತ್ತರೆ ತುಣುಕು, ಪಾಸಾದರೆ ತುಣುಕು, ಜ್ವರ ಬಿಟ್ಟರೆ ತುಣುಕು. ಪ್ರೀತಿ ಅಂದರೆ ತಟ್ಟೆಗೆ ಬಡಿಸುವುದು ಎಂದು ನಿನಗೆ ಬೇರೆ ಯಾರು ಹೇಳಿಕೊಡಬೇಕಿತ್ತು? ಈಗ ಅದನ್ನೇ ನನಗೆ ಮರಳಿ ಬಡಿಸುತ್ತಿದ್ದೀಯ. ಬೇಡ ಅಂದರೆ ನಿನ್ನನ್ನೇ ಬೇಡ ಅಂದಂತೆ ಅಳುತ್ತೀಯ. ಅಲ್ಲ ಗುಬ್ಬಿ. ನೀನು ಬೇಕು. ತುಂಡು ಬೇಡ.

ಆಮೇಲೆ ನಿನ್ನ ಮನೆಯ ಆ ಹಿಂದಿನ ಕೋಣೆ. ನನಗೆಂದು ಬಣ್ಣ ಹೊಡೆಸಿದೆ, ಹೊಸ ಹಾಸಿಗೆ ಹಾಕಿಸಿದೆ, ಕೆಲಸ ಬಿಟ್ಟು ಬಂದು ಹಾಯಾಗಿ ಕೂತುಕೋ ಅಂದೆ. ನಿನ್ನ ಮನಸ್ಸು ದೊಡ್ಡದು. ಆದರೆ ಕೂರುವುದಕ್ಕೆ ನಾನು ತಯಾರಿಲ್ಲ. ನನಗೆ ನಿಲ್ಲಬೇಕು. ನನ್ನ ಮೇಜಿನ ಮುಂದೆ ನಿಂತು ಒಂದೇ ಉಸಿರಿಗೆ ಕ್ರೀಮಿನ ಒಂದು ಗುಲಾಬಿ ತೆಗೆಯಬೇಕು, ನನ್ನ ಮನೆಯ ಬೀಗ ನಾನೇ ತೆರೆಯಬೇಕು. ಅರುವತ್ತೊಂದಕ್ಕೆ ಇದೆಲ್ಲ ಯಾಕೆ ಅಂದೆಯಂತೆ ಅಳಿಯಂದಿರ ಹತ್ತಿರ. ಅರುವತ್ತೊಂದಕ್ಕೇ ಬೇಕು. ಮೂವತ್ತರಲ್ಲಿ ಮಂಡಿ ತಾನಾಗಿಯೇ ಮಡಚುತ್ತಿತ್ತು.

ಇವತ್ತಿಗೆ ನನ್ನ ಕೈಯ ಈ ವರ್ಷದ ಕೇಕುಗಳೆಲ್ಲ ಹೋದವು. ಪ್ಯಾಕಿಂಗ್ ಕೋಣೆಯಲ್ಲಿ, ಮಡಚಿಟ್ಟ ಡಬ್ಬಿಗಳ ಕಟ್ಟಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನಾಳೆಯಿಂದ ನನಗೂ ರಜೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಯಜಮಾನರ ಮುಂದೆ ನಿಂತು ಉದ್ದ ರಜೆ ಕೇಳಿದ್ದೇನೆ. ನೀವೆಲ್ಲ ಚೆನ್ನಾಗಿ ತಿನ್ನಿ, ನನ್ನ ಪಾಲಿನದನ್ನೂ ತಿನ್ನಿ. ಮಗುವಿಗೆ ಮುತ್ತು. ಅಳಿಯಂದಿರಿಗೆ ಈ ಕಾಗದ ತೋರಿಸಿದರೆ ತೋರಿಸು, ನನಗೇನೂ ನಾಚಿಕೆಯಿಲ್ಲ.

ಇಂತಿ,
ಜಗ್ಗದ ನಿನ್ನ ಅಮ್ಮ

ತಾ.ಕ.: ಜನವರಿ ಎಂಟು ಎಂದು ಹೇಳಿದ್ದು ಆಗ ನಿಜವಾಗಿತ್ತು, ಈಗ ಅಲ್ಲ. ಶುಕ್ರವಾರ ಆಸ್ಪತ್ರೆಯಿಂದ ಫೋನ್ ಬಂತು. ಪಟ್ಟಿಯಲ್ಲಿ ನನಗಿಂತ ಮುಂದಿದ್ದ ಒಬ್ಬ ಪುಣ್ಯಾತ್ಮ ರಜೆಗೆ ಮೊದಲೇ ಅಕ್ಕನ ಮನೆಗೆ ಹೋಗಿ ಐದು ಕೆಜಿ ಹೆಚ್ಚಿಸಿಕೊಂಡು ಬಂದನಂತೆ, ಅವನ ಜಾಗ ಖಾಲಿ. ಓಡಿದೆ, ಅಂದರೆ ಕುಂಟಿದೆ. ಯಂತ್ರ ಎಪ್ಪತ್ತೇಳು ಚಿಲ್ಲರೆ ತೋರಿಸಿತು. ನಾಳೆ ಬೆಳಗ್ಗೆ ಎಂಟಕ್ಕೆ ಆಪರೇಷನ್. ಮೂರು ದಿನ ಫೋನ್ ಎತ್ತದಿದ್ದರೆ ಗಾಬರಿಯಾಗಬೇಡ ಎಂದು ಮೊನ್ನೆ ಫೋನಿನಲ್ಲಿ ನಿನಗೆ ಹೇಳಿದ್ದು ಬೇಕರಿಯ ಗಡಿಬಿಡಿಗಲ್ಲ. ಮೊದಲೇ ಹೇಳಿದ್ದರೆ ನೀನು ಅಳುತ್ತಿದ್ದೆ, ನಾನು ಹೆದರಿ ಹಿಂದೆ ಸರಿಯುತ್ತಿದ್ದೆ. ಹೆದರಿಕೆ ಇದೆ ಗುಬ್ಬಿ, ಇಲ್ಲ ಅನ್ನುವುದಿಲ್ಲ. ಡಬ್ಬಿಯಕ್ಕ ನನ್ನ ತಂಗಿ ಎಂದು ಆಸ್ಪತ್ರೆಯವರಿಗೆ ಸುಳ್ಳು ಹೇಳಿ ಜೊತೆಗೆ ಇರುತ್ತಾಳೆ, ಈ ಕಾಗದವನ್ನೂ ಅವಳೇ ಅಂಚೆಗೆ ಹಾಕುತ್ತಾಳೆ. ಆಸ್ಪತ್ರೆಯ ಫಾರಂನಲ್ಲಿ ಹತ್ತಿರದ ಸಂಬಂಧಿ ಎಂಬಲ್ಲಿ ನಿನ್ನ ಹೆಸರು, ನಂಬರು ಬರೆದಿದ್ದೇನೆ. ಏನಾದರೂ ಎಡವಟ್ಟಾದರೆ ಮಾತ್ರ ಅವರು ಫೋನ್ ಮಾಡುತ್ತಾರೆ. ಫೋನಿಗಿಂತ ಮೊದಲು ಈ ಕಾಗದ ಬಂದಿದ್ದರೆ ನಾನು ಗೆದ್ದೆ ಎಂದು ತಿಳಿ, ಅವತ್ತೇ ಹೊರಟು ಬಾ. ಡಬ್ಬ ಗಿಬ್ಬ ಏನೂ ತರಬೇಡ, ಬರಿಗೈಯಲ್ಲಿ ಬಾ. ನಡೆಯಲು ಕಲಿಯುವಾಗ ಹಿಡಿದುಕೊಳ್ಳಲು ನನಗೆ ನಿನ್ನ ಎರಡೂ ಕೈ ಬೇಕು.