ಹಬ್ಬಕ್ಕೆ ಮುಂಚಿನ ಹಣ್ಣು

ಯಾಕಮಾ ಸೀಮೆ,
ಆಗಸ್ಟ್ ೧೨, ೧೯೭೮

ಪ್ರೀತಿಯ ಮಗ ಲೈಮನ್,

ಹೇಗಿದ್ದೀಯಪ್ಪಾ? ಮೀನಿನ ಕಾರ್ಖಾನೆಯಲ್ಲಿ ದಿನವಿಡೀ ಒದ್ದೆಯಲ್ಲಿ ನಿಂತು ನಿನ್ನ ಕಾಲು ಬಿರುಕು ಬಿಟ್ಟಿದೆಯಂತೆ, ವೆರ್ನಾ ಅತ್ತೆಯ ಗಂಡ, ನಿನ್ನ ಮಾವ ಹೇಳಿದರು. ಇವತ್ತು ಮತ್ತೆ ಬಂದರಿಗೆ ಹೊರಟಿರುವ ಅವರ ಕೈಯಲ್ಲೇ ಕರಡಿ ಕೊಬ್ಬಿನ ಡಬ್ಬಿ ಕಳಿಸುತ್ತಿದ್ದೇನೆ, ಸವರಿಕೋ. ವಾಸನೆ ಅಂತ ಮೂಗು ಮುರಿಯಬೇಡ. ಹೊಟ್ಟೆಗೆ ಏನಾದರೂ ತಿನ್ನುತ್ತೀಯೋ, ಬರೀ ಕಾಫಿ ಕುಡಿದು ದಿನ ತಳ್ಳುತ್ತೀಯೋ, ನನಗಂತೂ ಅದೇ ಯೋಚನೆ. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಹಠ ಹಿಡಿದಿದೆ.

ಆ ಮಂಡಿಯನ್ನು ಎಳೆದುಕೊಂಡೇ ಈ ಸಲವೂ ಹಬ್ಬದ ಹಕಲ್‌ಬೆರಿ ಹಣ್ಣು ಕೀಳಲು ಪಾಹ್ತೊ ಬೆಟ್ಟ ಹತ್ತಿದೆ. ಒಲ್ಲೆ ಅಂದರೆ ನಿನ್ನ ಅತ್ತೆ ಬಿಟ್ಟಾಳೆಯೇ? ಈ ವರ್ಷ ಹಿಮ ಕರಗಿದ್ದೇ ತಡವಾಗಿ. ಬಿಸಿಲು ಬೀಳುವ ಇಳಿಜಾರಿನಲ್ಲಿ ಒಂದಷ್ಟು ನೇರಳೆ ಬಣ್ಣಕ್ಕೆ ತಿರುಗಿವೆ, ಮಿಕ್ಕದ್ದೆಲ್ಲ ಕಾಯಿ. ವೆರ್ನಾ ಹಾಡು ಹೇಳಿ ಮುಗಿಸಿದ ಮೇಲೆ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಬಗ್ಗಿದೆವು. ಹಬ್ಬವಾಗುವ ಮುಂಚೆ ತಿನ್ನುವಂತಿಲ್ಲವಲ್ಲ, ಯಾರೂ ಒಂದು ಹಣ್ಣನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಪೊದೆಯ ಪಕ್ಕ ಕರಡಿ ಹಿಕ್ಕೆ ನೋಡಿ ವೆರ್ನಾ, “ಇವನಿಗೆ ಹಬ್ಬನೂ ಇಲ್ಲ, ಹಾಡೂ ಇಲ್ಲ ನೋಡತ್ತಿಗೆ, ತಿಂದು ತೇಗಿ ಹೋಗಿದ್ದಾನೆ” ಅಂದಳು. ನಕ್ಕು ನಕ್ಕು ನನ್ನ ಬುಟ್ಟಿ ಚೆಲ್ಲುವುದರಲ್ಲಿತ್ತು. ಕೊನೆಗೆ ಅರ್ಧ ಬುಟ್ಟಿಯೂ ಆಗಲಿಲ್ಲ. ಊರಿಗೆಲ್ಲ ಒಂದೊಂದು ಹಿಡಿ ಸಾಲದಿದ್ದರೆ ಅದೆಂಥ ಹಬ್ಬ ಅಂತ ಹಿರಿಯರು ಮುಂದಿನ ವಾರಕ್ಕೆ ಹಾಕಿದ್ದಾರೆ. ಕಿತ್ತ ಹಣ್ಣು ನಮ್ಮ ನೆಲಮಾಳಿಗೆಯ ತಂಪಿನಲ್ಲಿದೆ.

ನಿಮ್ಮಪ್ಪ ಮುಂದಿನ ವಾರದವರೆಗೆ ಉಳಿಯುವುದಿಲ್ಲ, ಲೈಮನ್. ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ್ದಾರೆ. ಗಂಜಿ ಬೇಡ, ಸಾರು ಬೇಡ. ಕಣ್ಣು ಬಿಟ್ಟಾಗಲೆಲ್ಲ ಒಂದೇ ಮಾತು, “ಹಣ್ಣು ಕೊಡೇ.” ಹೋದ ವರ್ಷದ ಒಣಹಣ್ಣು ನೆನೆಸಿ ಕೊಟ್ಟೆ. ನಾಲಗೆಗೆ ತಗುಲಿದ್ದೇ ತಡ, “ಇದು ಹಳೇದು” ಅಂತ ಮುಖ ತಿರುಗಿಸಿದರು. ಊರೆಲ್ಲ ಸೇರುವ ಉದ್ದಮನೆಯ ಪ್ರಾರ್ಥನೆಯಲ್ಲಿ ಇಷ್ಟು ವರ್ಷ ಗಂಟೆ ಬಾರಿಸಿದ ಮನುಷ್ಯ! ಹಬ್ಬದೂಟದಲ್ಲಿ ಮೊದಲು ನೀರು, ಆಮೇಲೆ ಮೀನು, ಆಮೇಲೆ ಗೆಡ್ಡೆ, ಕೊನೆಗೆ ಹಣ್ಣು ಎಂದು ಊರಿಗೆಲ್ಲ ಹೇಳಿಕೊಟ್ಟವರು. ಹಬ್ಬಕ್ಕೆ ಮುಂಚೆ ನೀನು ಹಣ್ಣು ತಿಂದು ತುಟಿ ನೀಲಿ ಮಾಡಿಕೊಂಡು ಬಂದಾಗ ಎಲ್ಲರೆದುರು ನಿನ್ನ ಬಕೆಟ್ಟನ್ನು ಮಣ್ಣಿಗೆ ಸುರಿದವರು. “ನಾಯಿಗಾದ್ರೂ ಕಾಯೋ ತಾಳ್ಮೆ ಇರತ್ತೆ” ಅಂದರಲ್ಲ, ಆ ಮಾತಿಗೇ ನೀನು ಮನೆ ಬಿಟ್ಟೆ.

ಹಬ್ಬವನ್ನು ನಾಳೆಯೇ ಮಾಡಿಬಿಡೋಣ ಎಂದು ವೆರ್ನಾಳನ್ನು ಬೇಡಿಕೊಂಡೆ. ಅವಳು ತಲೆವಸ್ತ್ರದ ಅಂಚು ಬಾಯಿಗಿಟ್ಟು ಅತ್ತಳು. “ಅಣ್ಣನಿಗೋಸ್ಕರ ಊರನ್ನ ಬಿಟ್ಟು ಹಬ್ಬ ಮಾಡಿದ್ರೆ ಅಣ್ಣನೇ ನನ್ನ ಮುಖ ನೋಡಲ್ಲ, ಅತ್ತಿಗೆ” ಅಂದಳು. ಅವಳ ಮಾತು ಸುಳ್ಳಲ್ಲ. ನಾನೇನು ಮಾಡಲಿ ಹೇಳು? ಮೇಲೆ ಇವರು ಕೇಳುತ್ತಾರೆ, ಕೆಳಗೆ ಬುಟ್ಟಿ ಇದೆ. ಇಳಿದು ಹೋಗುತ್ತೇನೆ, ಮುಚ್ಚಿದ ಬಟ್ಟೆ ಎತ್ತಿ ನೋಡುತ್ತೇನೆ, ಬರಿಗೈಯಲ್ಲಿ ಹತ್ತಿ ಬರುತ್ತೇನೆ. ಹೆಂಡತಿಯಾಗಿ ಇಷ್ಟೂ ಕೈಲಾಗದವಳಾಗಿ ಹೋದೆನಲ್ಲ ಎಂದು ಸಂಕಟವಾಗುತ್ತದೆ.

ಇರಲಿ. ಮೈ ಬೆಚ್ಚಗಿಟ್ಟುಕೋ. ನಮ್ಮನ್ನು ಸೃಷ್ಟಿಸಿದಾತ ನೀನು ನಡೆಯುವ ದಾರಿಯಲ್ಲೆಲ್ಲ ನಿನ್ನ ಜೊತೆಗಿರಲಿ. ನಿನ್ನ ಅತ್ತೆ ನಿನ್ನನ್ನು ಚೆನ್ನಾಗಿ ಬೈದಿದ್ದಾಳೆ, ಅಂದರೆ ನೆನೆಸಿಕೊಂಡಿದ್ದಾಳೆ ಅಂತ ತಿಳಿ.

ನಿನ್ನ ಅಮ್ಮ,
ಅಡೆಲಾ

ವಿ.ಸೂ.: ಮಾವ ಹೊರಗೆ ಹಾರನ್ ಬಾರಿಸುತ್ತಿದ್ದಾರೆ, ಬಾರಿಸಲಿ. ತಡೆಯಲಾಗಲಿಲ್ಲ ಕಣೋ, ಈಗಷ್ಟೇ ಬುಟ್ಟಿಯಿಂದ ಒಂದು ಹಿಡಿ ತಂದು ಒಂದು ಹಣ್ಣು ನಿಮ್ಮಪ್ಪನ ಬಾಯಿಗಿಟ್ಟೆ. ಅವರು ಕಚ್ಚಲಿಲ್ಲ. ನಾಲಗೆಯ ಮೇಲೆ ಹಾಗೇ ಇಟ್ಟುಕೊಂಡು, “ಹಬ್ಬ ಆಯ್ತೇನೇ?” ಅಂದರು. ಆಯ್ತು ಅಂದೆ. “ಎಲ್ರೂ ತಿಂದ್ರಾ?” ತಿಂದ್ರು ಅಂದೆ. “ಲೈಮನ್?” ಅಂದರು. ಬಂದಿದ್ದಾನೆ, ಬೆಟ್ಟ ಇಳಿಯುತ್ತಿದ್ದಾನೆ ಅಂದುಬಿಟ್ಟೆ. ಆಗ ನುಂಗಿದರು. ಇನ್ನೊಂದು ಹಣ್ಣು ಹಿಡಿದರೆ ನನ್ನ ಕೈ ತಳ್ಳುತ್ತಾರೆ. “ಮಿಕ್ಕಿದ್ದು ಅವನಿಗಿಡು, ಹಸ್ಕೊಂಡು ಬರ್ತಾನೆ” ಅನ್ನುತ್ತಾರೆ. ಬಾಗಿಲನ್ನೇ ನೋಡುತ್ತಿದ್ದಾರೆ. ಮಾವ ವಾಪಸು ಹೊರಡುವಾಗ ಅವರ ಗಾಡಿ ಹತ್ತು, ಮಗನೇ.