ಶ್ರಾವಣ ಸೋಮವಾರದ ಚಿತ್ರ ಮತ್ತು ನಮ್ಮ ಎರೆಹೊಲ

ಬೀಳು ಭೂಮಿ ಹಂಚುವ ದೊಡ್ಡ ಅಧಿಕಾರಿಗಳಿಗೆ,

ಮಾನ್ಯರೇ, ನಾವು ಮೂರು ತಲೆಮಾರಿನಿಂದ ಉತ್ತು ಬಿತ್ತಿ ಉಣ್ಣುತ್ತಿರುವ ಹನ್ನೆರಡು ಎಕರೆ ಎರೆಹೊಲವನ್ನು ತಾವು ಬೀಳು ಎಂದು ಬರೆದಿದ್ದೀರಿ. ಹೊಲ ನೋಡಿ ಬರೆದದ್ದಲ್ಲ, ಒಂದು ಚಿತ್ರ ನೋಡಿ ಬರೆದದ್ದು. ಸಾಲಗುಂದದಾಚೆಯ ನಮ್ಮ ಒಂಬತ್ತು ಮನೆಗಳ ಹೊಲಕ್ಕೂ ಇದೇ ಗತಿ. ಉತ್ತರಿ ಮಳೆ ಅರ್ಧ ಕಳೆಯಿತು, ಬಿತ್ತನೆಯ ಹಸ್ತ ಹುಟ್ಟಲು ಎಂಟು ದಿನವಿಲ್ಲ. ತಮ್ಮ ತೀರ್ಮಾನ ಆಗುವವರೆಗೆ ಯಾರೂ ಕೂರಿಗೆ ಹೂಡಬಾರದು ಎಂದು ಚಾವಡಿಗೆ ನೋಟೀಸು ಅಂಟಿಸಿದ್ದೀರಿ. ಮೂರು ಅರ್ಜಿ ಕೊಟ್ಟೆ, ಮೂರೂ ತಮ್ಮ ಕಪಾಟಿನಲ್ಲಿ ಸುಖವಾಗಿವೆ. ಅದಕ್ಕೇ ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಅಯ್ಯನವರ ಮಠದಲ್ಲಿ ಎರಡು ವರ್ಷ ಮರಳ ಮೇಲೆ ತಿದ್ದಿದ ಅಕ್ಷರ ನನ್ನದು. ಕಾಗುಣಿತ ತಪ್ಪಿದ್ದರೆ ಪತ್ರಿಕೆಯವರು ತಿದ್ದಲಿ, ಮಾತು ತಿದ್ದುವುದು ಬೇಡ.

ಆ ಚಿತ್ರವನ್ನು ಈಗ ಯಾರು ನೋಡಿಲ್ಲ? ಸಿಂಧನೂರಿನಲ್ಲಿ ಮೋಟಾರು ನಿಲ್ಲುವ ಕಡೆ ಇದೆ, ಮಸ್ಕಿ ಸಂತೆಯಲ್ಲಿ ಇದೆ. ಹೊಳೆಯಾಚೆ ಊರೂರಿಗೆ ಹಂಚಿದ್ದೀರಂತೆ. ಮೇಲಿನ ಅರ್ಧದಲ್ಲಿ ಬಿರಿದ ಕರಿನೆಲ, ಒಂದು ದನದ ಎಲುಬಿನ ಗೂಡು, ಅದರ ಮೇಲೆ ರಣಹದ್ದು. ಕೆಳಗಿನ ಅರ್ಧದಲ್ಲಿ ಕಾಲುವೆ, ಹಸಿರು ಗದ್ದೆ, ಕೆಂಪು ಹೆಂಚಿನ ಮನೆ, ಎದೆಯುಬ್ಬಿಸಿ ನಿಂತ ಒಬ್ಬ ಗಂಡಸು. ‘ಯಾರೂ ಕಾಲಿಡದ ಭೂಮಿ, ಬಂದು ಗೆಲ್ಲಿರಿ’ ಎಂದು ದಪ್ಪ ಅಕ್ಷರ. ಯಾರೂ ಕಾಲಿಡದ ಭೂಮಿಯಂತೆ. ಹಾಗಾದರೆ ನನ್ನ ಹಿಮ್ಮಡಿ ಒಡೆದದ್ದು ಎಲ್ಲಿ, ತಮ್ಮ ಕಚೇರಿಯ ಮೆಟ್ಟಿಲ ಮೇಲೆಯೇ?

ಚಿತ್ರಗಾರನನ್ನು ಬೈಯಲು ನನಗೆ ಮನಸ್ಸಿಲ್ಲ. ಹೋದ ವರ್ಷ ಶ್ರಾವಣದಲ್ಲಿ ಬಂದಿದ್ದ, ಮೆತ್ತಗಿನ ಮನುಷ್ಯ. ಮೂರು ಕಾಲಿನ ಹಲಗೆ ನಿಲ್ಲಿಸಿ, ಕೊಡೆ ಬಿಚ್ಚಿ, ನಮ್ಮ ಬದುವಿನ ಮೇಲೆ ಕುಳಿತ. ಶ್ರಾವಣದಲ್ಲಿ ಎರೆಹೊಲ ಹೇಗಿರುತ್ತದೆ ಎಂದು ತಮಗೆ ಯಾರೂ ಹೇಳಿದಂತಿಲ್ಲ, ನಾನೇ ಹೇಳುತ್ತೇನೆ. ನಮ್ಮದು ಹಿಂಗಾರಿ ಬಿಳಿಜೋಳದ ನೆಲ. ಮುಂಗಾರಿನಲ್ಲಿ ಒಂದು ಕಾಳು ಹಾಕುವುದಿಲ್ಲ. ಕುಂಟೆ ಹೊಡೆದು, ಕಸ ಕಿತ್ತು, ಬಿದ್ದ ಮಳೆಯನ್ನೆಲ್ಲ ನೆಲಕ್ಕೆ ಕುಡಿಸುತ್ತೇವೆ. ಆ ನೀರಿನ ಮೇಲೆಯೇ ಜೋಳ ಮಾಘದವರೆಗೆ ಬದುಕಬೇಕು. ಬಸುರಿಯನ್ನು ಮನೆಯಲ್ಲಿ ಕೂಡಿಸಿ ಉಣಿಸಿದ ಹಾಗೆ ಅದು. ಅದನ್ನು ನೋಡಿದವನಿಗೆ ಬಂಜೆಯಂತೆ ಕಂಡರೆ ತಪ್ಪು ಯಾರದು? ಇನ್ನು ಅವನು ಬಂದದ್ದು ಸೋಮವಾರ. ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನಮ್ಮ ಬದುವಿನಾಚೆಯ ಲಾಲ್‌ಸಾಬನೂ ಇಡುವುದಿಲ್ಲ. ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು.

ಮನುಷ್ಯರಾದರೂ ಇದ್ದರಲ್ಲ ಎಂದು ತಾವು ಕೇಳಬಹುದು. ಇದ್ದರು. ಹಲಗೆ ನೋಡಲು ಒಂಬತ್ತು ಮನೆಯ ಹೆಂಗಸರು ಗಂಡಸರು ಹೊಲದಲ್ಲೇ ನೆರೆದಿದ್ದರು. ಆ ಪುಣ್ಯಾತ್ಮ ಕೈಮುಗಿದು ಕೇಳಿದ: “ಅಮ್ಮಾ, ನಾಲ್ಕು ಜನ ಅಲ್ಲೇ ನಿಂತಿರಲಿ, ಚಿತ್ರಕ್ಕೆ ಜೀವ ಬರುತ್ತದೆ.”

ನಾನು ಅಂದೆ: “ಚಿತ್ರಕ್ಕ ಜೀವ ಬಂದ್ರ ನಮ್ಮ ಜೀವ ಹೋಗ್ತೈತಿ. ಬಿತ್ತೋ ನೆಲದಾಗ ನಿಂತು ಬರಿಸ್ಕೊಂಡ್ರ ದಿಷ್ಟಿ ತಗಲ್ತೈತಿ. ಬರ್ರೆಲೇ ಎಲ್ಲಾರೂ ಈಕಡೆ, ಒಬ್ಬರೂ ನಿಂದ್ರಬ್ಯಾಡ್ರಿ.”

ಎಲ್ಲರನ್ನೂ ಕೋಳಿ ಅಟ್ಟಿದ ಹಾಗೆ ಬೇವಿನ ಗಿಡದ ಹಿಂದಕ್ಕೆ ಅಟ್ಟಿದೆ. ಹೋಗದವರಿಗೆ ಬೆನ್ನಿಗೊಂದು ಕೊಟ್ಟೆ. ಖಾಲಿ ಹೊಲವನ್ನು ಅವನು ಸಂಜೆಯವರೆಗೆ ಬರೆದ. ಮಧ್ಯಾಹ್ನ ಅವನಿಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟವಳೂ ನಾನೇ. ಅದೇ ಹೊಲದ ಜೋಳದ ರೊಟ್ಟಿ, ಮಾನ್ಯರೇ. ಮೂರು ತಿಂದ. ಬಿರುಕು, ಎಲುಬು, ಹದ್ದು ಆ ದಿನ ಅಲ್ಲಿರಲಿಲ್ಲ. ಅವನೇ ಸೇರಿಸಿದನೋ, ತಮ್ಮವರು ಹೇಳಿ ಸೇರಿಸಿದರೋ, ಅದು ತಮಗೇ ಗೊತ್ತು.

ಚಿತ್ರದ ಬಲ ಎಂಥದು ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ತವರು ಲಿಂಗಸುಗೂರಿನ ಕಡೆ. ಅಲ್ಲಿ ಮಠದ ಗೋಡೆಯ ಮೇಲೆ ಮೂಡಣ ದಿಕ್ಕಿಗೆ ಕೋರೆಹಲ್ಲಿನ ರಾಕ್ಷಸರನ್ನು ಬರೆದಿದ್ದರು. ಮೂಡಣಕ್ಕೆ ಎರೆಸೀಮೆ, ಆದ್ದರಿಂದ ಎರೆಸೀಮೆಯಲ್ಲಿ ರಾಕ್ಷಸರಿದ್ದಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಹನ್ನೆರಡು ವರ್ಷದ ಮದುಮಗಳು, ಬಂಡಿ ಮಸ್ಕಿ ಗುಡ್ಡ ದಾಟಿದ ಮೇಲೆ ಕಣ್ಣು ಮುಚ್ಚಿದವಳು ಅತ್ತೆಯ ಮನೆ ಹೊಸ್ತಿಲಲ್ಲೇ ಬಿಟ್ಟದ್ದು. ಅತ್ತೆ ನನ್ನ ಕೈ ಹಿಡಿದು ಹೊಲಕ್ಕೆ ಕರೆದೊಯ್ದು, ಎದೆಯೆತ್ತರದ ಜೋಳದ ನಡುವೆ ನಿಲ್ಲಿಸಿ, ಹುಡುಕು ನಿನ್ನ ರಾಕ್ಷಸರನ್ನು ಎಂದಳು. ಏಳು ವರ್ಷದ ಹಿಂದೆ, ನಿಜಾಮರ ಸರಕಾರ ಹೋಗುವ ಹೊತ್ತಿನಲ್ಲಿ, ಹೊಳೆಯಾಚೆಯವರು ಬರೆದ ಚಿತ್ರಗಳಲ್ಲಿ ನಮ್ಮ ದಂಡೆಯೆಲ್ಲ ಬೆಂಕಿ, ಕತ್ತಿ. ಬೆಂಕಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆಗಲೂ ನಾವು ಬಿತ್ತಿದೆವು, ರೊಟ್ಟಿ ಬಡಿದೆವು, ಎರಡು ಹೆರಿಗೆ ಮಾಡಿಸಿದೆವು. ಅದನ್ನು ಯಾರೂ ಬರೆಯಲಿಲ್ಲ. ಮೊದಲು ರಾಕ್ಷಸರ ನಾಡು, ಆಮೇಲೆ ಬೆಂಕಿಯ ನಾಡು, ಈಗ ಹದ್ದಿನ ನಾಡು. ದೂರ ಕುಳಿತವರಿಗೆ ಗಡಿಯ ಸೀಮೆ ಎಂದರೆ ಬೇಕಾದ ಬಣ್ಣ ಬಳಿಯುವ ಗೋಡೆಯೇ?

ಆ ಬೆಂಕಿಯಲ್ಲೇ ನಮ್ಮ ಹೊಲಗಳ ಲೆಕ್ಕವಿದ್ದ ಪಟವಾರಿಯ ದಫ್ತರವೂ ಸುಟ್ಟಿತು. ನಮ್ಮ ಬಳಿ ಕಾಗದವಿಲ್ಲ. ತಮ್ಮ ಬಳಿ ಚಿತ್ರವಿದೆ. ಹೋದ ತಿಂಗಳು ತಮ್ಮ ಕಚೇರಿಗೆ ಬಂದಿದ್ದೆ, ತಾವು ಊಟಕ್ಕೆ ಹೋಗಿದ್ದಿರಿ, ಸಂಜೆಯವರೆಗೂ ಊಟ ಮುಗಿಯಲಿಲ್ಲ. ತಮ್ಮ ಗುಮಾಸ್ತ ಗೋಡೆಯ ಮೇಲಿನ ಚಿತ್ರಕ್ಕೆ ರೂಲು ತೋರಿಸಿ ಅಂದ: “ಇದರಾಗ ನೀ ಎಲ್ಲದಿ, ತೋರ್ಸು ಮುದುಕಿ.”

ನಾನು ನೋಡಿದೆ. ನಮ್ಮ ಬದುವಿನ ತಿರುವು ಗುರುತು ಸಿಕ್ಕಿತು. ಬೇವಿನ ಗಿಡ ಮಾತ್ರ ಚಿತ್ರದಲ್ಲಿರಲಿಲ್ಲ, ಅದು ಚೌಕಟ್ಟಿನಿಂದ ಎರಡು ಬೆರಳು ಆಚೆಗೆ ಬರುತ್ತದೆ. ಅಲ್ಲಿ ಬೆರಳಿಟ್ಟು ಇಲ್ಲಿದ್ದೀವಿ ಅಂದೆ. ಬೆರಳು ಬರೀ ಸುಣ್ಣದ ಗೋಡೆಯ ಮೇಲಿತ್ತು. ಕಚೇರಿಯೆಲ್ಲ ನಕ್ಕಿತು. ನಾನಾದರೂ ಆ ಜಾಗದಲ್ಲಿದ್ದರೆ ನಗುತ್ತಿದ್ದೆನೇನೋ.

ಜೊತೆಗೆ ಬಂದಿದ್ದ ಲಾಲ್‌ಸಾಬ್ ನಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅಂದ: “ಅಕ್ಕಾ, ಅಂವಾ ನಮ್ಮನ್ನ ಬಿಟ್ಟು ಬರದಿಲ್ಲ. ನೀನ ನಮ್ಮನ್ನ ಹಿಡದು ಹೊರಗ ಹಾಕಿದಿ.”

ನನ್ನ ನಾಲಿಗೆಗೆ ಊರೇ ಹೆದರುತ್ತದೆ. ಆ ದಿನ ಊರು ಮುಟ್ಟುವವರೆಗೆ ಅದು ಬೈದದ್ದು ನನ್ನನ್ನೇ.

ಈಗ ಕೇಳಿರಿ. ಹತ್ತು ದಿನದ ಹಿಂದೆ ಕೃಷ್ಣೆಯಾಚೆಯಿಂದ ಎರಡು ಬಂಡಿಯಲ್ಲಿ ಒಂದು ಸಂಸಾರ ಬಂದಿಳಿದಿದೆ. ಮನೆಯೊಡತಿ ವೆಂಕಾಯಮ್ಮ, ನನಗಿಂತ ಸ್ವಲ್ಪ ಚಿಕ್ಕವಳು. ಪೆಟ್ಟಿಗೆಯಿಂದ ನಾಲ್ಕು ಮಡಿಕೆಯ ತಮ್ಮ ಚಿತ್ರ ತೆಗೆದು, ಕೆಂಪು ಹೆಂಚಿನ ಮನೆಯ ಮೇಲೆ ಬೆರಳಿಟ್ಟು, ಅದು ಎಲ್ಲಿದೆ ಎಂದು ನನ್ನನ್ನೇ ಕೇಳಿದಳು. ಅಲ್ಲಿಯ ಹೊಲ ಮನೆ ಬಿಟ್ಟುಕೊಟ್ಟು ಬಂದಿದ್ದಾಳೆ. ಬೈಯಬೇಕೆಂದು ಹೋದವಳು ನೀರು ಕೊಟ್ಟು ಬಂದೆ. ಇಲ್ಲಿ ಜನ ಇದ್ದಾರೆಂದು ಯಾರೂ ಹೇಳಲಿಲ್ಲವೆಂದು ಆಕೆ ಅತ್ತಳು. ಹದ್ದಿಗೆ ಹೆದರಿ ಮೊಮ್ಮಕ್ಕಳನ್ನು ಎರಡು ದಿನ ಬಂಡಿಯಿಂದ ಇಳಿಸಿರಲಿಲ್ಲವಂತೆ. ಒಂದೇ ಚಿತ್ರದ ಮೇಲರ್ಧದಿಂದ ನಮಗೆ ಮೋಸ, ಕೆಳಗಿನರ್ಧದಿಂದ ಅವರಿಗೆ ಮೋಸ. ಇಂಥ ಮಿತವ್ಯಯದ ಸರಕಾರ ಎಲ್ಲಾದರೂ ಉಂಟೇ?

ನನ್ನ ಮಗ ಆದೆಪ್ಪ ಎತ್ತಿನ ಕೊರಳ ಗಂಟೆ ಬಿಚ್ಚಿಟ್ಟು, ಸರಕಾರ ತೋಡಿಸುತ್ತಿರುವ ಕಾಲುವೆಯ ಮಣ್ಣು ಹೊರಲು ಹೋಗುತ್ತೇನೆ ಎನ್ನುತ್ತಿದ್ದಾನೆ. ತನ್ನ ಹೊಲಕ್ಕೆ ಬರುವ ನೀರಿನ ದಾರಿಯನ್ನು ಬೇರೆಯವರಿಗಾಗಿ ತೋಡುವುದಂತೆ. ಇಷ್ಟರಲ್ಲಿ ತಮ್ಮ ನೋಟೀಸು. ಹಸ್ತ ಹದಿನಾಲ್ಕು ದಿನ ಇರುತ್ತದೆ, ತಮ್ಮ ತೀರ್ಮಾನ ಕಾದು ಈಗಾಗಲೇ ಮೂರು ತಿಂಗಳಾಯಿತು. ಈ ಸಲ ಬಿತ್ತದಿದ್ದರೆ ಮಾಘದಲ್ಲಿ ಹೊಲ ನಿಜವಾಗಿಯೂ ಬೀಳು. ಆಗ ತಾವು ಖುದ್ದಾಗಿ ಬಂದು ನೋಡಿ, ಚಿತ್ರ ಸತ್ಯ ಎಂದು ರುಜು ಹಾಕಬಹುದು. ಬಲು ಅಚ್ಚುಕಟ್ಟಾದ ಏರ್ಪಾಟು, ಮಾನ್ಯರೇ.

ನಾನು ಬೇಡುವುದು ಇಷ್ಟೇ. ಹಸ್ತ ಹುಟ್ಟುವ ಮೊದಲು ಆ ನೋಟೀಸು ಕೀಳಿಸಿರಿ. ವೆಂಕಾಯಮ್ಮನಿಗೆ ನಿಜವಾಗಿ ಖಾಲಿಯಿರುವ ಜಾಗ ಹುಡುಕಿ ಕೊಡಿರಿ, ಸರಕಾರದ ಹೊಳೆಸಾಲಿನ ನೆಲ ಬೇಕಾದಷ್ಟಿದೆ. ಮಾಘದಲ್ಲಿ ತೆನೆ ಕಟ್ಟಿದಾಗ ಆ ಚಿತ್ರಗಾರನನ್ನೇ ಮತ್ತೆ ಕಳಿಸಿರಿ, ಸೋಮವಾರ ಒಂದು ಬೇಡ. ಒಂಬತ್ತು ಮನೆಯವರನ್ನೂ ನಾನೇ ಕರೆತಂದು ಹೊಲದ ನಡುವೆ ನಿಲ್ಲಿಸುತ್ತೇನೆ. ದಿಷ್ಟಿ ತಗಲುವುದಾದರೆ ನನ್ನೊಬ್ಬಳಿಗೆ ತಗಲಲಿ.

ಇದಕ್ಕೂ ಉತ್ತರ ಬಾರದಿದ್ದರೆ ಹಸ್ತದ ಮೊದಲ ಹದಕ್ಕೆ ನಾವು ಬಿತ್ತುತ್ತೇವೆ. ನಮ್ಮ ಮನೆಯ ಕೂರಿಗೆಗೆ ನಲವತ್ತು ವರ್ಷದಿಂದ ಬೀಜ ಬಿಡುತ್ತಿರುವವಳು ನಾನು, ಹಿಡಿಯುವುದಾದರೆ ಮೊದಲು ನನ್ನನ್ನೇ ಹಿಡಿಯಿರಿ. ಓಡಿ ಹೋಗುವ ಕಾಲು ನನಗಿಲ್ಲ. ಉಡಿಯಲ್ಲಿರುವ ಕಾಳು ಮುಗಿಯುವವರೆಗೆ ಬದುವಿನ ಮೇಲೆ ಕಾದಿರಲು ತಮ್ಮ ಪೊಲೀಸರಿಗೆ ಹೇಳಿ ಕಳಿಸಿರಿ.

ಇಂತಿ,
ಬಿತ್ತಲಿಕ್ಕೂ ಅಪ್ಪಣೆ ಬೇಡುವ ಗತಿಗೆ ಬಂದ ಒಕ್ಕಲುಮನೆಯ ಮುದುಕಿ,
ಗುರುಲಿಂಗಮ್ಮ
ಭಾದ್ರಪದ, ೧೯೫೫