ದೊಡ್ಡ ಪರದೆಯ ಲ್ಯಾಪ್‌ಟಾಪ್ ವಾಪಸ್ ಕೊಟ್ಟೆವು

ಕಾಗದನಗರ, ಭದ್ರಾವತಿ
೧೯ ಆಗಸ್ಟ್ ೨೦೨೫, ಮಂಗಳವಾರ

ಅಮ್ಮುವಿನ ಅಪ್ಪನಿಗೆ ಶಾಂಭವಿಯ ನಮಸ್ಕಾರಗಳು.

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ನಾನು ಕಟ್ಟಿಕೊಟ್ಟ ಎಣ್ಣೆಯ ಬಾಟಲಿ ಇನ್ನೂ ಬ್ಯಾಗಿನ ತಳದಲ್ಲೇ ಇದೆ ಎಂದು ನನಗೆ ಗೊತ್ತು, ದಿನಾ ಹಚ್ಚುತ್ತಿದ್ದೇನೆ ಎಂದು ಸುಳ್ಳು ಹೇಳಬೇಡಿ. ಒಡಿಶಾದ ಆ ರಾಯಗಡದ ಮಿಲ್ಲಿನ ಕ್ಯಾಂಟೀನಿನ ಸಾಸಿವೆ ಎಣ್ಣೆಯ ಪಲ್ಯ ಈಗಲಾದರೂ ಒಗ್ಗಿತೋ ಇಲ್ಲವೋ? ಇಲ್ಲಿ ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಶ್ರಾವಣ ಸೋಮವಾರದ ಉಪವಾಸ ಒಂದನ್ನೂ ತಪ್ಪಿಸಿಲ್ಲ. ಉಪವಾಸದ ದಿನ ಅವಲಕ್ಕಿ, ಸಾಬೂದಾನಿ, ಬಾಳೆಹಣ್ಣು ಎಂದು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿನ್ನುವವರೂ ಅವರೇ. ಹಿತ್ತಲಿನ ನುಗ್ಗೆ ಮರ ಮೊನ್ನೆಯ ಗಾಳಿಗೆ ಪಕ್ಕದ ಶೇಷಪ್ಪನವರ ಸ್ಕೂಟರ್ ಶೆಡ್ಡಿನ ಮೇಲೆ ಬಿತ್ತು. ಶೀಟು ಒಡೆದಿದೆ, ನೀವೇ ಹಾಕಿಸಿಕೊಡಬೇಕು ಎಂದು ಅವರು ಬಂದರು. ನಿಮ್ಮ ಮಗಳು ಅವರನ್ನು ಕೂರಿಸಿ, ಕಾಫಿ ಕೊಟ್ಟು, ಗಾಳಿಗೆ ಬಿದ್ದ ಮರಕ್ಕೆ ಮನೆಯವರು ಹೊಣೆಯಲ್ಲ, ಮರ ಟೊಳ್ಳಾಗಿದೆ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಹೊಣೆ ಎಂದು ವಕೀಲರ ಹಾಗೇ ವಾದ ಮಾಡಿದಳು. ಶೇಷಪ್ಪನವರು ಇನ್ನೇನು ಎದ್ದು ಹೋಗುವವರು, ಅಷ್ಟರಲ್ಲಿ ಅತ್ತೆ ಒಳಗಿನಿಂದ "ಗೊತ್ತಿಲ್ದೇ ಏನು, ಹೋದ ವರ್ಷನೇ ಟೊಳ್ಳಾಗೈತೆ ಅಂತ ನಾನು ಬಡ್ಕೊಂಡಿದ್ನಲ್ಲ" ಎಂದುಬಿಟ್ಟರು. ಕೇಸು ಅಲ್ಲಿಗೇ ಮುಗಿಯಿತು. ಶೀಟು ನಾವೇ ಹಾಕಿಸಿಕೊಟ್ಟೆವು.

ಕೈಯಲ್ಲಿ ಫೋನ್ ಇರುವಾಗ ಇವಳೇಕೆ ಕಾಗದ ಬರೆಯಲು ಕೂತಳು ಎಂದು ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಿ ಹೇಳಲು ಬಾಯಿ ತೆರೆದಾಗಲೆಲ್ಲ ನೀವು ಮಾತು ತಿರುಗಿಸಿದ್ದೀರಿ. ಜೊತೆಗೆ ಅಮ್ಮುವಿನ ಕಿವಿ ಎಂಥದ್ದೆಂದು ನಿಮಗೇ ಗೊತ್ತು, ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಹಿತ್ತಲಿನಿಂದ ಉತ್ತರ ಬರುತ್ತದೆ. ಕಾಗದದಲ್ಲಾದರೆ ಅವಳಿಗೂ ಕೇಳುವುದಿಲ್ಲ, ನೀವೂ ಮಧ್ಯೆ ಬಾಯಿ ಹಾಕುವಂತಿಲ್ಲ. ಹಾಳೆ ಅಟ್ಟದ ಮೇಲೆ ನೀವೇ ಕಟ್ಟಿಟ್ಟಿದ್ದ ಮುಚ್ಚಿಹೋದ ನಮ್ಮ ಹಳೆಯ ಕಾಗದದ ಮಿಲ್ಲಿನದು. ಅಂಚು ಹಳದಿಯಾಗಿದೆ, ಆದರೆ ಇಂಕು ಹರಡುತ್ತಿಲ್ಲ, ಕೇಳಿದರೆ ನಿಮಗೆ ಸಂತೋಷವಾಗುತ್ತದೆಂದು ಬರೆದೆ.

ವಿಷಯಕ್ಕೆ ಬರುತ್ತೇನೆ. ಜೂನಿನಲ್ಲಿ ರಜೆ ಮುಗಿಸಿ ಹೊರಡುವಾಗ ಸ್ಟೇಷನ್ನಿನಲ್ಲಿ ನೀವು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ನೆನಪಿದೆಯಲ್ಲ? ಅಮ್ಮುವಿಗೆ ಇರುವುದರಲ್ಲೇ ದೊಡ್ಡ ಪರದೆಯ ಲ್ಯಾಪ್‌ಟಾಪ್ ಕೊಡಿಸು, ಅದರಲ್ಲಿ ಓದಲು ಬಂದರೆ ಈ ವರ್ಷವೇ ಲಾ ಕಾಲೇಜು ಸೇರಲಿ, ಬರದಿದ್ದರೆ ಒಂದು ವರ್ಷ ತಡೆಯೋಣ, ಅಷ್ಟರಲ್ಲಿ ಹೈದರಾಬಾದಿನಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದಿರಿ. ಅವಳ ಕಣ್ಣಿನ ಒಳಪದರ ಸವೆಯುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಒಬ್ಬರಾದ ಮೇಲೆ ಒಬ್ಬರು ಡಾಕ್ಟರು ಹೇಳಿದ್ದನ್ನು ನಿಮ್ಮ ಪಕ್ಕದಲ್ಲೇ ಕೂತು ಕೇಳಿದವಳು ನಾನು. ಆದರೂ ಹೂಂ ಎಂದೆ. ನನಗೂ ಅದೇ ಆಸೆ ಇತ್ತು ರೀ. ಪರದೆ ಸಾಕಷ್ಟು ದೊಡ್ಡದಾಗಿದ್ದರೆ ಹೇಗೋ ಏನೋ ಕಾಣಿಸಿಬಿಡುತ್ತದೆ ಎಂಬ ಹುಚ್ಚು ಆಸೆ.

ಶ್ರಾವಣದ ಎರಡನೆಯ ಸೋಮವಾರ ನಾನೂ ವಿಜಯನೂ ಶಿವಮೊಗ್ಗದ ದುರ್ಗಿಗುಡಿ ಪೇಟೆಗೆ ಹೋದೆವು. ನನ್ನ ತಮ್ಮನ ವರಸೆ ನಿಮಗೆ ಗೊತ್ತಿದ್ದದ್ದೇ, ಹೈಸ್ಕೂಲ್ ಮೇಷ್ಟ್ರು, ಬದನೆಕಾಯಿ ಕೊಳ್ಳುವಾಗಲೂ ಪರೀಕ್ಷೆ ತೆಗೆದುಕೊಳ್ಳುತ್ತಾನೆ. ಅಲ್ಲೇ ಹೊಸಮನೆ ಬಡಾವಣೆಯ ತನ್ನ ಮನೆಯಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಮದುಮಗನ ಹಾಗೆ ಬಂದಿದ್ದ. ಅಂಗಡಿ ಅವನ ಹಳೆಯ ಶಿಷ್ಯೆ ತನುಜಾಳದ್ದು. ಅಮ್ಮುವನ್ನು ಕರೆದುಕೊಂಡು ಹೋಗಲಿಲ್ಲ, ಗೊತ್ತಾಗದ ಹಾಗೆ ತಂದು ಖುಷಿಪಡಿಸೋಣ ಎಂಬ ಉಮೇದು ನಮ್ಮಿಬ್ಬರಿಗೂ. ಲಾ ಓದುವವರಿಗೆ ಯಾವುದು ಒಳ್ಳೆಯದು ಎಂದು ತನುಜಾ ಬ್ಯಾಟರಿ, ಕೀಲಿಮಣೆ, ತೂಕ ಎಂದು ಏನೇನೋ ಹೇಳಲು ಹೊರಟಳು. ವಿಜಯ ಕೈ ಅಡ್ಡ ಹಿಡಿದು "ಅದೆಲ್ಲ ಇರ್ಲಿ ಮಾರಾಯ್ತಿ, ಪರದೆ ದೊಡ್ಡದು ಯಾವ್ದು ತೋರ್ಸು" ಎಂದ. ಅವಳು ತೋರಿಸಿದ್ದು ಅತ್ತೆಯ ಹಪ್ಪಳದ ಮಣೆಯಷ್ಟು ಅಗಲವಿತ್ತು. ಅದನ್ನೇ ತಂದೆವು. ಮನೆಯಲ್ಲಿ ಡಬ್ಬ ಬಿಚ್ಚುತ್ತಿದ್ದಂತೆ ಅತ್ತೆ ದೇವರ ಕೋಣೆಯಿಂದ ವಿಭೂತಿ ಉಂಡೆ ತಂದು "ಓದೋ ಸಾಮಾನು, ಈಬತ್ತಿ ಹಚ್ದೇ ಮುಟ್ಬಾರ್ದು" ಎಂದು ಆ ಹೊಳೆಯುವ ಗಾಜಿನ ಮೇಲೆ ಅಡ್ಡಕ್ಕೆ ಮೂರು ಪಟ್ಟೆ ಎಳೆದರು. ವಿಜಯ ಹಣೆ ಹಣೆ ಚಚ್ಚಿಕೊಂಡ. ಅಮ್ಮು ಮಾತ್ರ ನಕ್ಕು, ಬೆರಳಿನಿಂದ ಪಟ್ಟೆ ಮುಟ್ಟಿ ನೋಡಿ, ಅಜ್ಜಿಗೆ ನಮಸ್ಕಾರ ಮಾಡಿದಳು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಬೆಳಿಗ್ಗೆಯಿಂದ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಕೂರುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಅಕ್ಷರ ಇನ್ನೂ ದೊಡ್ಡದು ಮಾಡು, ಇನ್ನೂ ದೊಡ್ಡದು ಮಾಡು ಎನ್ನುತ್ತಿದ್ದೆ. ಅವಳಿಗೆ ಈಗ ಕಾಣುವುದು ಕೊಳವೆಯೊಳಗಿಂದ ನೋಡಿದಷ್ಟು ಜಾಗ ಮಾತ್ರ. ಅಕ್ಷರ ದೊಡ್ಡದಾದಷ್ಟೂ ಆ ಜಾಗದಲ್ಲಿ ಹಿಡಿಯುವುದು ಕಡಿಮೆ. 'ಸಂವಿಧಾನ' ಎಂಬ ಒಂದೇ ಪದವನ್ನು ಅವಳು ತಲೆ ಎಡದಿಂದ ಬಲಕ್ಕೆ ಸರಿಸುತ್ತಾ ತುಂಡು ತುಂಡಾಗಿ ಓದುತ್ತಿದ್ದಳು. ದೊಡ್ಡ ಪರದೆ ಅವಳಿಗೆ ಸಹಾಯವಲ್ಲ, ಅಡ್ಡಿ. ಇದು ನಮಗಿಬ್ಬರಿಗೂ ಹೊಳೆಯಲೇ ಇಲ್ಲವಲ್ಲ! ಸಂಜೆಯಾದರೆ ತಲೆನೋವು, ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು. ಕೇಳಿದರೆ "ಅಭ್ಯಾಸ ಆಗುತ್ತೆ ಅಮ್ಮ, ಚೆನ್ನಾಗಿದೆ" ಎನ್ನುವುದು. ನಿಮ್ಮ ಷರತ್ತು ಅವಳಿಗೆ ಗೊತ್ತಿತ್ತು. ಆ ಕಿವಿಗೆ ಸ್ಟೇಷನ್ನಿನ ಗದ್ದಲ ಯಾವ ಲೆಕ್ಕ?

ಕಳೆದ ಬುಧವಾರ ಮಧ್ಯಾಹ್ನ ನಾನು ಬಟ್ಟೆ ಒಣಗಿಸಿ ಒಳಗೆ ಬಂದರೆ ಲ್ಯಾಪ್‌ಟಾಪ್ ಮುಚ್ಚಿತ್ತು. ಅವಳು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತನ್ನ ಹಳೆಯ ಫೋನನ್ನು ಕಿವಿಗೆ ಹಿಡಿದಿದ್ದಳು. ಫೋನಿನಿಂದ ಒಂದು ದನಿ ಒಗ್ಗರಣೆಯ ಸಾಸಿವೆ ಸಿಡಿದಂತೆ ಪಟಪಟ ಬರುತ್ತಿತ್ತು. ನನಗೆ ಒಂದು ಪದವೂ ಹತ್ತಲಿಲ್ಲ. ಏನದು ಎಂದರೆ, ಒಪ್ಪಂದದ ಕಾನೂನಿನ ಪುಸ್ತಕವನ್ನು ಫೋನು ಓದಿ ಹೇಳುತ್ತಿದೆಯಂತೆ, ಅವಳಿಗೆ ಆ ವೇಗವೇ ಸರಿಯಂತೆ. ಸಾಮಾನ್ಯರು ಮಾತಾಡುವಷ್ಟು ನಿಧಾನವಾಗಿ ಓದಿದರೆ ನಿದ್ದೆ ಬರುತ್ತದಂತೆ! ನಾನು ನಂಬದೆ, ಈಗ ಓದಿದ್ದು ಹೇಳು ನೋಡೋಣ ಎಂದೆ. ಹೇಳಿದಳು ನೋಡಿ, ಬೆದರಿಸಿ ಹಾಕಿಸಿಕೊಂಡ ಸಹಿ ಏಕೆ ನಿಲ್ಲುವುದಿಲ್ಲ ಎಂಬುದರಿಂದ ಹಿಡಿದು ಎಲ್ಲವನ್ನೂ, ನನಗೆ ಅರ್ಥವಾಗುವವರೆಗೂ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದು ಗೊತ್ತಾಗಲಿಲ್ಲ. ಪಿಯುಸಿಯ ಪಾಠಗಳನ್ನೂ ಹೀಗೇ ಓದಿದ್ದಂತೆ. ನಾವು ಮಾತ್ರ ಅವಳು ಹಾಡು ಕೇಳುತ್ತಾ ಕೂತಿದ್ದಾಳೆ ಎಂದುಕೊಂಡು ಬೈದಿದ್ದೆವು.

ಮಾರನೆಯ ದಿನವೇ ಅವಳನ್ನು ಕರೆದುಕೊಂಡು, ಆ ಮಣೆಯನ್ನು ಹೊತ್ತುಕೊಂಡು ದುರ್ಗಿಗುಡಿಗೆ ಹೋದೆ, ವಿಜಯನೂ ಅಲ್ಲಿಗೇ ಬಂದ. ಬದಲಿಸಿ ಕೊಡಲು ತನುಜಾ ಒಪ್ಪಿದಳು, ಕೀಲಿನ ಸಂದಿಯಲ್ಲಿ ವಿಭೂತಿ ಸಿಕ್ಕಿಕೊಂಡದ್ದನ್ನು ನೋಡಿ "ಆಂಟಿ, ಇದಕ್ಕೆ ಕಂಪನಿಯವ್ರಿಗೆ ಏನಂತ ಹೇಳ್ಲಿ?" ಎಂದು ನಕ್ಕಳು. ಈ ಸಲ ಆಯ್ಕೆ ಮಾಡಿದವಳು ಅಮ್ಮು. ಒಂದೊಂದೇ ಲ್ಯಾಪ್‌ಟಾಪನ್ನು ಎತ್ತಿ ತೂಕ ನೋಡಿದಳು. ಇನ್ನೊಂದು ಕೈಯಲ್ಲಿ ಬಿಳಿ ಕೋಲು ಹಿಡಿದು ಬಸ್ಸು ಹತ್ತಬೇಕಲ್ಲ. ಬಿಳಿ ಕೋಲು ಎಂದು ನೀವು ಬೆಚ್ಚಬೇಡಿ, ತರಿಸಿಕೊಂಡಿದ್ದಾಳೆ, ಕಲಿಯುತ್ತಿದ್ದಾಳೆ. ಬೆರಳಾಡಿಸಿ ನೋಡಿ, ಕೀಲಿಗಳು ಒಂದಕ್ಕೊಂದು ಅಂಟಿಕೊಂಡಂತಿದ್ದುದನ್ನು ಬೇಡವೆಂದಳು. ಇಯರ್‌ಫೋನ್ ಚುಚ್ಚುವ ತೂತು ಇಲ್ಲದ್ದು ಬೇಡವೆಂದಳು. ಓದಿ ಹೇಳುವ ತಂತ್ರಾಂಶವನ್ನು ಅಲ್ಲೇ ಹಾಕಿಸಿ, ಒಂದು ದಪ್ಪ ಕಾನೂನು ಪುಸ್ತಕ ತೆರೆದು, ಅದು ಎಲ್ಲಿ ತಡವರಿಸುತ್ತದೆ ಎಂದು ಕೇಳಿದಳು. ವಿಜಯ ಸುಮ್ಮನಿರಲಾರದೆ "ಪುಟ್ಟಾ, ಪರದೆ ಹೆಂಗಿದೆ ಅಂತ ಒಂದ್ಸಲ ನೋಡು" ಎಂದ. "ಮಾಮ, ಪರದೆ ಆಫ್ ಮಾಡಿಟ್ರೂ ನಂಗೆ ಸರಿ. ಬ್ಯಾಟ್ರಿ ಉಳಿಯುತ್ತೆ" ಎಂದಳು. ವಿಜಯ ಹೊರಗೆ ಹೋಗಿ ನಿಂತ. ಅವನ ಕಣ್ಣು ತುಂಬಿತ್ತು, ಧೂಳು ಎಂದ.

ಕೊನೆಗೆ ಎರಡು ಉಳಿದವು. ಆಗ ಅವಳು ಮಾಡಿದ್ದನ್ನು ನೀವು ನೋಡಬೇಕಿತ್ತು. ಬಗ್ಗಿ ಒಂದೊಂದಕ್ಕೂ ಕಿವಿ ಕೊಟ್ಟಳು. ಒಳಗಿನ ಫ್ಯಾನಿನ ಸದ್ದು ಜಾಸ್ತಿಯಿದ್ದರೆ ಕ್ಲಾಸಿನಲ್ಲಿ ಮೇಷ್ಟ್ರ ಮಾತು ಕೇಳಿಸುವುದಿಲ್ಲವಂತೆ. ಕತ್ತು ಸ್ವಲ್ಪ ಓರೆ ಮಾಡಿ, ಕೆಳತುಟಿ ಕಚ್ಚಿಕೊಂಡು ಕೇಳುತ್ತಿದ್ದ ಆ ಮುಖ ನೋಡಿ ನಾನು ಸ್ಟೂಲನ್ನು ಅವಳ ಎದುರಿಗೇ ಎಳೆದುಕೊಂಡು ಕೂತೆ. ಅದು ನಿಮ್ಮ ಮುಖ ರೀ. ಮಿಲ್ಲಿನಲ್ಲಿ ಹೊಸ ರೀಲಿನಿಂದ ಹಾಳೆ ಹರಿದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದಿನಲ್ಲೇ ಇದು ಗಟ್ಟಿ, ಇದು ಮೆದು ಎಂದು ಹೇಳುತ್ತಿದ್ದಿರಲ್ಲ, ಆಗಿನ ಮುಖ. ಶಿಫ್ಟ್ ಮುಗಿಸಿ ಬರುವಾಗ ತುಂಡು ಹಾಳೆಗಳನ್ನು ತಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಣ್ಣು ಮುಚ್ಚು ಎಂದು ಹೇಳಿ, ಕಿವಿಯ ಪಕ್ಕ ಅಲ್ಲಾಡಿಸಿ "ಯಾವ್ದು ಗರಿಗರಿ ಹೇಳು?" ಎಂದು ಆಟವಾಡಿಸುತ್ತಿದ್ದಿರಿ. ಅವಳು ತಪ್ಪು ಹೇಳಿದ್ದೇ ಇಲ್ಲ. ಕಾಗದವನ್ನು ಕಿವಿಯಿಂದ ನೋಡಬಹುದು ಎಂದು ಕಲಿಸಿದವರು ನೀವು. ಈಗ ಅವಳು ಪುಸ್ತಕವನ್ನೂ ಕಿವಿಯಿಂದ ಓದಿದರೆ ಅದನ್ನು ಓದು ಎಂದು ಒಪ್ಪದವರೂ ನೀವೇ. ಇದು ಯಾವ ನ್ಯಾಯ ಹೇಳಿ? ನನಗೆ ಸಿಟ್ಟು ಬಂದಿದೆ, ಅಷ್ಟೇ ಪ್ರೀತಿಯೂ ಬಂದಿದೆ, ಎರಡನ್ನೂ ಬರೆದಿದ್ದೇನೆ.

ಹೊಸದು ಚಿಕ್ಕದು, ಬೂದು ಬಣ್ಣದ್ದು, ನೋಡಲು ಏನೇನೂ ಚೆನ್ನಾಗಿಲ್ಲ. ಅತ್ತೆ ಈ ಸಲ ಮುಚ್ಚಳದ ಹೊರಗೆ ಮಾತ್ರ ವಿಭೂತಿ ಹಚ್ಚಿದರು. ಅವಳು ಪರದೆ ಆಫ್ ಮಾಡಿಕೊಂಡೇ ಕೂತು ಟೈಪ್ ಮಾಡುತ್ತಾಳೆ. ಮೊದಲ ದಿನ ಅತ್ತೆ "ಕರೆಂಟ್ ಹೋಗೈತೆ ಕಣೇ, ಹುಡುಗಿ ಸುಮ್ನೆ ಕುಟ್ತಾ ಕೂತೈತೆ" ಎಂದು ನನ್ನನ್ನು ಕೂಗಿದರು. ತಲೆನೋವು ನಿಂತಿದೆ. ಊಟಕ್ಕೆ ಕರೆದರೆ ಬರುವುದಿಲ್ಲ, ಅದೊಂದು ಹೊಸ ಕಾಟ.

ಗಣೇಶನ ಹಬ್ಬ ಮುಗಿದ ಮೇಲಿನ ಸೋಮವಾರ ಕಾಲೇಜು ಶುರು. ಅವಳು ಹೋಗುತ್ತಾಳೆ. ನಾನು ನಿಮ್ಮನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಇಲ್ಲಿ ನಾನು ಬಸ್ಸು ಹತ್ತಿಸುತ್ತೇನೆ, ಶಿವಮೊಗ್ಗ ಸ್ಟ್ಯಾಂಡಿನಲ್ಲಿ ವಿಜಯ ಇಳಿಸಿಕೊಳ್ಳುತ್ತಾನೆ, ಸ್ವಲ್ಪ ದಿನದ ಮೇಲೆ ಇಬ್ಬರೂ ಬೇಡ ಎಂದಿದ್ದಾಳೆ. ಹೈದರಾಬಾದಿಗೆ ಬೇಕಾದರೆ ದೀಪಾವಳಿ ರಜೆಯಲ್ಲಿ ಹೋಗೋಣ, ನಾನು ಬೇಡ ಎನ್ನುವುದಿಲ್ಲ. ಆದರೆ ಕಣ್ಣು ಬರಲಿ ಎಂದು ಓದನ್ನು ನಿಲ್ಲಿಸಿ ಕಾಯುವುದು ಬೇಡ. ಇನ್ನೊಂದು, ನೀವೀಗ ಮಾಡುತ್ತಿರುವ ಕಾಗದ ಹೇಗಿದೆ ಎಂದು ಅವಳು ಕೇಳುತ್ತಿರುತ್ತಾಳೆ. ಒಂದು ಹಾಳೆಯನ್ನು ಮಡಚದೆ, ಸುರುಳಿ ಸುತ್ತಿ ಕಳಿಸಿ.

ಎಣ್ಣೆ ಹಚ್ಚಿಕೊಳ್ಳಿ. ಅತ್ತೆಯ ಆಶೀರ್ವಾದ ನಿಮಗೆ ಯಾವಾಗಲೂ ಇದೆ, ಈ ಸಲ ಜೊತೆಗೆ ಒಂದು ಪೊಟ್ಟಣ ವಿಭೂತಿಯೂ ಇದೆ, ಕವರು ಬಿಚ್ಚುವಾಗ ಜೋಪಾನ.

ನಿಮ್ಮ
ಶಾಂಭವಿ

ಮರೆತಿದ್ದೆ: ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಚಪ್ಪಲಿ ಮೆಟ್ಟಿಕೊಂಡು ಬರೆಯುತ್ತಿದ್ದೇನೆ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡಿದ ಕೂಡಲೇ ನೀವು "ಅಮ್ಮೂ, ನನ್ನ ಮುಖ ಕಾಣ್ತಾ?" ಎಂದು ಕೇಳುತ್ತೀರಿ, ಅವಳು "ಕಾಣ್ತಿದೆ ಅಪ್ಪ" ಎನ್ನುತ್ತಾಳೆ. ಮೊನ್ನೆ ಭಾನುವಾರ ನಿಮ್ಮ ಕಡೆ ನೆಟ್‌ವರ್ಕ್ ಇರಲಿಲ್ಲ. ನಿಮ್ಮ ಚಿತ್ರ ಬರಲೇ ಇಲ್ಲ, ದನಿ ಮಾತ್ರ ಬಂತು, ಫೋನು ಪೂರ್ತಿ ಕಪ್ಪಾಗಿತ್ತು. ನಾನು ಅವಳ ಹಿಂದೆಯೇ ನಿಂತಿದ್ದೆ. ನೀವು ಕೇಳಿದಿರಿ, ಅವಳು ನಗುನಗುತ್ತಾ "ಕಾಣ್ತಿದೆ ಅಪ್ಪ" ಎಂದಳು. ಎಷ್ಟು ದಿನದಿಂದ ನಿಮಗೋಸ್ಕರ ಹೀಗೆ ಹೇಳುತ್ತಿದ್ದಾಳೋ ನನಗೂ ತಿಳಿಯದು. ಈ ಭಾನುವಾರ ಅದನ್ನು ಕೇಳಬೇಡಿ. ಸಾದಾ ಕಾಲ್ ಮಾಡಿ, ಈ ವಾರ ಏನು ಓದಿದೆ ಎಂದು ಕೇಳಿ. ಉತ್ತರ ಉದ್ದ ಇರುತ್ತದೆ, ಊಟ ಮುಗಿಸಿಕೊಂಡು ಕೂತುಕೊಳ್ಳಿ.